ಸಮಾಜಶಾಸ್ತ್ರದ ಬಿಎ ನಂತರ ಮಾನಸಿಕ ಆರೋಗ್ಯ ಕ್ಷೇತ್ರ: ಎಂಎಸ್‌ಡಬ್ಲ್ಯೂ ಸೇರಲೇ, ಎಂಎಸ್‌ಸಿ ಸೈಕಾಲಜಿ ಸೇರಲೇ?

ಪ್ರಶ್ನೆ: ವಿಜಯನಗರದ ಓದುಗಿ

ಎಲ್ಲರಿಗೂ ನಮಸ್ಕಾರ. ಊರು ತುಮಕೂರು ಕಡೆ. ಅಲ್ಲಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಕನ್ನಡ ಮಾಧ್ಯಮದಲ್ಲಿ ಬಿಎ ಮಾಡಿದ್ದೇನೆ. ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ. ಈಗ ಪೀಣ್ಯದ ಬಳಿ ಒಂದು ಸಿದ್ಧ ಉಡುಪು ಕಾರ್ಖಾನೆಯಲ್ಲಿ ಕಾರ್ಮಿಕ ಕಲ್ಯಾಣಾಧಿಕಾರಿಗೆ ಸಹಾಯಕಿಯಾಗಿದ್ದೇನೆ. ರಜೆ ಚೀಟಿ, ಇಎಸ್‌ಐ ಕಾಗದಪತ್ರ, ಶಿಶುಪಾಲನಾ ಕೊಠಡಿಯ ಲೆಕ್ಕ, ಇದಿಷ್ಟು ನನ್ನ ಕೆಲಸ.

ಆದರೆ ನನ್ನ ಮೇಜಿನ ಮುಂದೆ ಬಂದು ನಿಲ್ಲುವವರೆಲ್ಲ ರಜೆಗಾಗಿಯೇ ಬಂದಿರುವುದಿಲ್ಲ. ಹೊಲಿಗೆ ಯಂತ್ರದ ಮುಂದೆ ಕುಳಿತಲ್ಲೇ ಕೈಕಾಲು ಸೆಟೆದು ಬೀಳುವ ಹುಡುಗಿ, ಆಸ್ಪತ್ರೆಯ ವರದಿಯಲ್ಲಿ ಎಲ್ಲವೂ ಸರಿಯಾಗಿದೆ ಎಂದು ಬರೆದಿರುತ್ತದೆ. ಗಂಡ ಸಂಬಳದ ದಿನ ಗೇಟಿನ ಹೊರಗೆ ಕಾಯುತ್ತಾನೆ ಎಂದು ನಡುಗುವವಳು. ರಾತ್ರಿ ನಿದ್ದೆಯೇ ಇಲ್ಲ, ತಲೆಯೊಳಗೆ ಯಂತ್ರ ಓಡುತ್ತಲೇ ಇರುತ್ತದೆ ಎನ್ನುವವಳು. ಇವರನ್ನು ಎಲ್ಲಿಗೆ ಕಳುಹಿಸಬೇಕು, ಏನು ಹೇಳಬೇಕು ಎಂಬುದು ನನಗೆ ಗೊತ್ತಿಲ್ಲ. ಸುಮ್ಮನೆ ನೀರು ಕೊಟ್ಟು ಕೂರಿಸುತ್ತೇನೆ. ಇದನ್ನು ಸರಿಯಾಗಿ ಕಲಿಯಬೇಕು ಅನ್ನಿಸಿದೆ.

ಒಂದು ಖಾಸಗಿ ಕಾಲೇಜಿಗೆ ಫೋನ್ ಮಾಡಿದೆ. ಮಾತನಾಡಿದವರು ಶುಲ್ಕ ಹೇಳಿದರು, ಹವಾನಿಯಂತ್ರಿತ ತರಗತಿ ಎಂದರು, ಓದಿದ ಮೇಲೆ ನಾನು ಏನಾಗುತ್ತೇನೆ ಎಂದು ಕೇಳಿದರೆ ‘ಕೌನ್ಸೆಲರ್ ಆಗಬಹುದು, ಎಚ್‌ಆರ್ ಕೂಡ ಆಗಬಹುದು’ ಎಂದರು. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ), ಎಂಎಸ್‌ಸಿ ಸೈಕಾಲಜಿ, ಎಂಫಿಲ್, ಆರ್‌ಸಿಐ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನನ್ನಂಥವಳಿಗೆ ಯಾವ ದಾರಿ? ಇಂಗ್ಲಿಷ್ ಓದಿ ಅರ್ಥಮಾಡಿಕೊಳ್ಳಬಲ್ಲೆ, ಬರೆಯುವಾಗ ತಡವರಿಸುತ್ತೇನೆ. ಅಪ್ಪನ ಅಭಿಪ್ರಾಯ ಇಷ್ಟೇ: ‘ಹುಚ್ಚಾಸ್ಪತ್ರೆಯಲ್ಲಿ ಕೆಲಸ ಮಾಡುವುದಕ್ಕೆ ಕೈಯಲ್ಲಿರುವ ಸಂಬಳ ಬಿಟ್ಟು ಓದಬೇಕೇ?’

ಉತ್ತರ: ಮಲ್ಲೇಶ್ವರದಿಂದ

ಕೆಲಸ ಬಿಡಬೇಡಿ. ದೂರಶಿಕ್ಷಣದಲ್ಲಿ ಎಂಎ ಸೈಕಾಲಜಿ ಕಟ್ಟಿ, ಜೊತೆಗೆ ಆರು ತಿಂಗಳ ಆನ್‌ಲೈನ್ ಕೌನ್ಸೆಲಿಂಗ್ ಡಿಪ್ಲೊಮಾ ಮಾಡಿಕೊಳ್ಳಿ. ನನ್ನ ಪರಿಚಯದವರೊಬ್ಬರು ಹಾಗೆಯೇ ಮಾಡಿ ಈಗ ಮನೆಯಿಂದಲೇ ಗಂಟೆಗೆ ಇಷ್ಟು ಎಂದು ತೆಗೆದುಕೊಳ್ಳುತ್ತಿದ್ದಾರೆ. ಇಂಗ್ಲಿಷ್ ಸ್ವಲ್ಪ ಸುಧಾರಿಸಿಕೊಂಡರೆ ಹೊರದೇಶದವರೂ ಸಿಗುತ್ತಾರೆ.

ಉತ್ತರ: ಹಾಸನದವಳು

ಮಲ್ಲೇಶ್ವರದವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ, ಆದರೆ ಆ ದಾರಿ ಈಗ ಮುಚ್ಚಿದೆ. 2021ರಲ್ಲಿ ಅಲೈಡ್ ಆರೋಗ್ಯ ವೃತ್ತಿಗಳಿಗೊಂದು ರಾಷ್ಟ್ರೀಯ ಆಯೋಗದ ಕಾಯ್ದೆ ಬಂತು. ಅದರಡಿ ಬರುವ ವಿಷಯಗಳನ್ನು, ಸೈಕಾಲಜಿಯನ್ನೂ ಸೇರಿಸಿ, ದೂರಶಿಕ್ಷಣ ಮತ್ತು ಆನ್‌ಲೈನ್ ಕ್ರಮದಲ್ಲಿ ಹೊಸದಾಗಿ ಕಲಿಸಕೂಡದು ಎಂದು ಯುಜಿಸಿ 2025ರಲ್ಲಿ ಸೂಚಿಸಿತು. ಇನ್ನು ಆರು ತಿಂಗಳ ಡಿಪ್ಲೊಮಾ ವಿಷಯ. ಒಬ್ಬ ರೋಗಿಯ ಮುಂದೂ ಕೂರದೆ, ನೀವು ಆಡಿದ ಮಾತನ್ನು ತಿದ್ದುವ ಒಬ್ಬ ಹಿರಿಯರೂ ಇಲ್ಲದೆ ಕೊಡುವ ಪ್ರಮಾಣಪತ್ರವನ್ನು ಗೋಡೆಗೆ ಹಾಕಿಕೊಳ್ಳಬಹುದು. ಗಂಡ ಗೇಟಿನ ಹೊರಗೆ ಕಾಯುತ್ತಿದ್ದಾನೆ ಎಂದು ನಡುಗುವವಳಿಗೆ ಅದರಿಂದ ಏನೂ ದಕ್ಕುವುದಿಲ್ಲ.

ನಾನು ಮನೋವೈದ್ಯಕೀಯ ಸಮಾಜಕಾರ್ಯಕರ್ತೆ. ತರಬೇತಿ ಹೊಸೂರು ರಸ್ತೆಯಲ್ಲಿ, ಅಂದರೆ ನಿಮ್ಹಾನ್ಸ್‌ನಲ್ಲಿ. ಈಗ ನಗರದ ಬೇರೊಂದು ಆಸ್ಪತ್ರೆಯಲ್ಲಿದ್ದೇನೆ. ಬಹಳ ವರ್ಷದಿಂದ ಇದೇ ಕೆಲಸ ಮಾಡುತ್ತಿರುವುದರಿಂದ ಮಾತು ಸ್ವಲ್ಪ ಉದ್ದವಾಗುತ್ತದೆ, ಕ್ಷಮಿಸಿ.

ಮೊದಲು ದಾರಿಗಳನ್ನು ಬಿಡಿಸಿ ಹೇಳುತ್ತೇನೆ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಕರೆಸಿಕೊಳ್ಳಲು ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ನೀವು ಕೇಳಿದ ಆರ್‌ಸಿಐನ, ನೋಂದಣಿ ಬೇಕು. ಬರಿಯ ಎಂಎಸ್‌ಸಿ ಸೈಕಾಲಜಿಯಿಂದ ಅದು ಸಿಗುವುದಿಲ್ಲ. ಪರಿಷತ್ತು ಒಪ್ಪಿದ ವೃತ್ತಿ ತರಬೇತಿಯನ್ನೂ ಮುಗಿಸಿರಬೇಕು. ಅದೂ ಅಲ್ಲದೆ ಬಿಎಯಲ್ಲಿ ಸೈಕಾಲಜಿ ಇಲ್ಲದವರಿಗೆ ಅನೇಕ ಕಡೆ ಎಂಎಸ್‌ಸಿ ಬಾಗಿಲಲ್ಲೇ ತಡೆಯುತ್ತಾರೆ. ಎಂಎಸ್‌ಡಬ್ಲ್ಯೂಗೆ ಹಾಗಿಲ್ಲ, ಸಾಮಾನ್ಯವಾಗಿ ಯಾವ ಪದವಿ ಓದಿದವರೂ ಅರ್ಜಿ ಹಾಕಬಹುದು. ಎರಡನೇ ವರ್ಷದಲ್ಲಿ ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯವನ್ನು ವಿಶೇಷ ವಿಷಯವಾಗಿ ಆರಿಸಿಕೊಳ್ಳುವ ಅವಕಾಶ ಎಲ್ಲಿದೆಯೋ ಅಲ್ಲಿ ಸೇರಬೇಕು. ಸೈಕಾಲಜಿ ಸಿಗದವರು ಎಂಎಸ್‌ಡಬ್ಲ್ಯೂಗೆ ಬರುತ್ತಾರೆ ಎಂಬ ಮಾತನ್ನು ನೀವು ಕೇಳುತ್ತೀರಿ. ಹಾಗೆ ಹೇಳುವವರು ಯಾವ ವಾರ್ಡನ್ನೂ ನೋಡಿದವರಲ್ಲ.

ನಾವು ಏನು ಮಾಡುತ್ತೇವೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. ತೀವ್ರ ಮಾನಸಿಕ ಕಾಯಿಲೆ ಇರುವವರಿಗೆ ಅಂಗವೈಕಲ್ಯ ಪ್ರಮಾಣಪತ್ರ ಕೊಡಲು ‘ಐಡಿಯಾಸ್’ ಎಂಬ ಅಳತೆಗೋಲು ಇದೆ, ಭಾರತದಲ್ಲೇ ರೂಪಿಸಿದ್ದು. ತನ್ನ ಆರೈಕೆ, ಇತರರೊಂದಿಗೆ ಒಡನಾಟ, ಮಾತು ಮತ್ತು ಗ್ರಹಿಕೆ, ಕೆಲಸ, ಈ ನಾಲ್ಕಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಕಾಯಿಲೆ ಎಷ್ಟು ವರ್ಷದ್ದು ಎಂಬುದಕ್ಕೂ ಅಂಕವುಂಟು. ಒಟ್ಟು ಏಳು ಮುಟ್ಟಿದರೆ ಶೇಕಡ 40, ಅಲ್ಲಿಂದ ಮೇಲೆ ಮಾಸಾಶನ, ಪಾಸು, ಮೀಸಲಾತಿಯ ಬಾಗಿಲು ತೆರೆಯುತ್ತದೆ. ಸಹಿ ಮಾಡುವವರು ವೈದ್ಯರು. ಆದರೆ ಆ ಅಂಕದ ಹಿಂದಿನ ಮಾಹಿತಿಯನ್ನು ಮನೆಯವರ ಬಾಯಿಂದ ಹೊರಡಿಸುವುದು ಬಹಳ ಸಲ ನಮ್ಮ ಪಾಲಿಗೆ ಬರುತ್ತದೆ.

ತಾಯಿ ಕುಳಿತಿರುತ್ತಾರೆ, ಪಕ್ಕದಲ್ಲಿ ಮೂವತ್ತು ದಾಟಿದ ಮಗ. ‘ಸ್ನಾನ ತಾನೇ ಮಾಡಿಕೊಳ್ಳುತ್ತಾನೆಯೇ?’ ಎಂದರೆ ‘ಅಯ್ಯೋ, ಎಲ್ಲ ತಾನೇ ಮಾಡಿಕೊಳ್ಳುತ್ತಾನೆ, ಬಂಗಾರದಂಥ ಮಗ’ ಎಂದು ಉತ್ತರ. ಅದನ್ನೇ ಬರೆದುಕೊಂಡರೆ ಸೊನ್ನೆ. ಸ್ವಲ್ಪ ತಡೆದು ಕೇಳಬೇಕು. ನೀರು ಕಾಯಿಸಿ ತೋಡಿಕೊಡುವವರು ಯಾರು? ಎಷ್ಟು ಸಲ ಕರೆಯಬೇಕು? ಬಟ್ಟೆ ಎತ್ತಿಕೊಡದಿದ್ದರೆ ಏನು ಹಾಕಿಕೊಳ್ಳುತ್ತಾನೆ? ನೀವು ಒಂದು ವಾರ ತವರಿಗೆ ಹೋದರೆ ಏನಾಗುತ್ತದೆ? ಕೊನೆಯ ಪ್ರಶ್ನೆಗೆ ಆ ತಾಯಿ, ‘ತವರಿಗೆ ಹೋಗಿ ಎಷ್ಟು ಕಾಲವಾಯಿತಮ್ಮ’ ಎನ್ನುತ್ತಾರೆ. ಮಗನ ಎದುರಿಗೆ ಅವನ ಕೊರತೆ ಹೇಳಲು ಬಾಯಿ ಬರುವುದಿಲ್ಲ, ಹೇಳದಿದ್ದರೆ ಹಕ್ಕಿನ ಹಣ ಬರುವುದಿಲ್ಲ. ಮಗನನ್ನು ಚಹಾ ತರಲು ಕಳುಹಿಸಿ ಕೇಳುವುದೋ, ಅವನನ್ನೂ ಕೂರಿಸಿಕೊಂಡು ಅವನ ಬಾಯಿಂದಲೇ ಹೇಳಿಸುವುದೋ? ನಾನು ಎರಡನೆಯದನ್ನು ಆರಿಸುತ್ತೇನೆ, ಸಮಯ ಹೆಚ್ಚು ಹಿಡಿದರೂ. ಅರ್ಜಿ ಅವನದು, ಅವನಿಗೆ ತಿಳಿಯದ ಹಾಗೆ ಅವನ ಬಗ್ಗೆ ಬರೆಯುವುದು ನನಗೆ ಸರಿ ಕಾಣುವುದಿಲ್ಲ. ಇದನ್ನು ಯಾವ ಪಠ್ಯಪುಸ್ತಕವೂ ಕಲಿಸುವುದಿಲ್ಲ, ಮೇಲ್ವಿಚಾರಕಿ ಪಕ್ಕದಲ್ಲಿ ಕುಳಿತು ಕಲಿಸುತ್ತಾರೆ.

ಆದ್ದರಿಂದ ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ, ಕೋರ್ಸಿನ ಹೆಸರನ್ನೂ ನೋಡಬೇಡಿ. ಕ್ಷೇತ್ರಕಾರ್ಯಕ್ಕೆ ಎಲ್ಲಿಗೆ ಕಳುಹಿಸುತ್ತಾರೆ, ವಾರಕ್ಕೆ ಎಷ್ಟು ದಿನ, ನೀವು ಬರೆದ ವರದಿಯನ್ನು ಯಾರು ಓದುತ್ತಾರೆ, ಓದಿ ಕೆಂಪು ಶಾಯಿಯಲ್ಲಿ ಏನಾದರೂ ಬರೆಯುತ್ತಾರೆಯೇ ಇಲ್ಲವೇ, ಇದನ್ನು ಈಗ ಅಲ್ಲಿ ಓದುತ್ತಿರುವ ಮಕ್ಕಳನ್ನೇ ಕ್ಯಾಂಟೀನಿನಲ್ಲಿ ಹಿಡಿದು ಕೇಳಿ. ಪ್ರಾಧ್ಯಾಪಕರನ್ನು ಕೇಳಿದರೆ ಎಲ್ಲ ಇದೆ ಎನ್ನುತ್ತಾರೆ. ಬೆಂಗಳೂರಿನಲ್ಲಿ ಜ್ಞಾನಭಾರತಿ, ಅಂದರೆ ಬೆಂಗಳೂರು ವಿಶ್ವವಿದ್ಯಾಲಯ ಇದೆ, ಖಾಸಗಿ ವಿಶ್ವವಿದ್ಯಾಲಯಗಳೂ ಸ್ವಾಯತ್ತ ಕಾಲೇಜುಗಳೂ ಬೇಕಾದಷ್ಟಿವೆ. ಮಂಗಳೂರಿನ ರೋಶನಿ ನಿಲಯ ಈ ವಿದ್ಯೆಗೆ ನಮ್ಮ ರಾಜ್ಯದ ಹಳೆಯ ಮನೆ, ಆದರೆ ನಿಮಗೆ ಇಲ್ಲೇ ಇರುವುದು ಅನುಕೂಲ ಎಂದು ಕಾಣುತ್ತದೆ. ಕಾಯಿಲೆ ಹತೋಟಿಗೆ ಬಂದ ಮೇಲಿನ ಬದುಕು, ಅಂದರೆ ಪುನರ್ವಸತಿ, ನಿಮ್ಮನ್ನು ಹೆಚ್ಚು ಸೆಳೆದರೆ ರಿಚ್‌ಮಂಡ್ ಫೆಲೋಶಿಪ್‌ನವರು ಮನೋಸಾಮಾಜಿಕ ಪುನರ್ವಸತಿಯಲ್ಲೇ ಸ್ನಾತಕೋತ್ತರ ಶಿಕ್ಷಣ ನಡೆಸುತ್ತಾ ಬಂದಿದ್ದಾರೆ, ಅದನ್ನೂ ವಿಚಾರಿಸಿ.

ಇಂಗ್ಲಿಷ್ ಬರವಣಿಗೆಯ ಭಯ ಮೊದಲ ಸೆಮಿಸ್ಟರ್ ಕಾಡುತ್ತದೆ, ಆಮೇಲೆ ರೂಢಿಯಾಗುತ್ತದೆ. ಪಾಠ, ಪರೀಕ್ಷೆ, ಕಡತ ಹೆಚ್ಚಾಗಿ ಇಂಗ್ಲಿಷಿನಲ್ಲೇ. ಆದರೆ ರೋಗಿ ಮಾತನಾಡುವುದು ಇಂಗ್ಲಿಷಿನಲ್ಲಿ ಅಲ್ಲವಲ್ಲ! ಇಂಗ್ಲಿಷ್ ನಿರರ್ಗಳವಾಗಿರುವ ಎಷ್ಟೋ ವಿದ್ಯಾರ್ಥಿಗಳು ಯಾದಗಿರಿಯಿಂದ ಬಂದ ಅಜ್ಜಿಯ ಎದುರು ದುಭಾಷಿಗಾಗಿ ಅತ್ತಿತ್ತ ನೋಡುವುದನ್ನು ಕಂಡಿದ್ದೇನೆ. ಹೊಲಿಗೆ ಸಾಲಿನಲ್ಲಿ ಬಿದ್ದ ಹುಡುಗಿ ಏನು ಹೇಳುತ್ತಾಳೆ, ಏನು ಹೇಳದೆ ಬಿಡುತ್ತಾಳೆ ಎಂಬುದು ನಿಮಗೆ ಈಗಲೇ ಅರ್ಧ ಗೊತ್ತು. ಜೊತೆಗೆ ಸ್ವಲ್ಪ ತೆಲುಗು ಅಥವಾ ಉರ್ದು ಕಿವಿಗೆ ಬಿದ್ದಿದ್ದರೆ ಇನ್ನೂ ಒಳ್ಳೆಯದು, ಬೆಂಗಳೂರಿನ ವಾರ್ಡಿನಲ್ಲಿ ಅದಿಲ್ಲದೆ ಒಂದು ದಿನವೂ ನಡೆಯುವುದಿಲ್ಲ.

ನಿಮ್ಮ ತಂದೆಗೆ ಹೇಳಿ: ಅವರು ಹುಚ್ಚಾಸ್ಪತ್ರೆ ಎನ್ನುವ ನಿಮ್ಹಾನ್ಸ್ ಈಗ ವಿಶ್ವವಿದ್ಯಾಲಯದ ಮಟ್ಟದ ಸಂಸ್ಥೆ, 1994ರಲ್ಲೇ ಡೀಮ್ಡ್ ಸ್ಥಾನ ಸಿಕ್ಕಿತು, 2012ರ ಕಾಯ್ದೆಯಿಂದ ರಾಷ್ಟ್ರೀಯ ಮಹತ್ವದ ಸಂಸ್ಥೆಯೂ ಆಯಿತು. ಇದರಿಂದ ಅವರ ಮನಸ್ಸು ಬದಲಾಗುತ್ತದೆ ಎಂಬ ಭರವಸೆ ನನಗಿಲ್ಲ. ನಮ್ಮ ತಂದೆಯೂ ಸಂಬಂಧಿಕರ ಎದುರು ‘ಮಗಳು ದೊಡ್ಡಾಸ್ಪತ್ರೆಯಲ್ಲಿದ್ದಾಳೆ’ ಎಂದಷ್ಟೇ ಹೇಳಿ ಮಾತು ತಿರುಗಿಸುತ್ತಿದ್ದರು.

ಉತ್ತರ: ಎರಡನೇ ವರ್ಷದ ಎಂಎಸ್‌ಡಬ್ಲ್ಯೂ

ನಾನೂ ಬಿಎ, ನಾನೂ ಕನ್ನಡ ಮಾಧ್ಯಮ, ಊರು ಚಳ್ಳಕೆರೆ. ಈಗ ನಗರದ ಒಂದು ಕಾಲೇಜಿನಲ್ಲಿ ಓದುತ್ತಿದ್ದೇನೆ.

ವಾರಕ್ಕೆ ಎರಡು ದಿನ ಕ್ಷೇತ್ರಕಾರ್ಯ, ಉಳಿದ ದಿನ ತರಗತಿ. ಮೊದಲ ವರ್ಷ ನನ್ನನ್ನು ಒಂದು ಕೊಳೆಗೇರಿಯ ಅಂಗನವಾಡಿಗೆ ಹಾಕಿದ್ದರು. ಮಾನಸಿಕ ಆರೋಗ್ಯ ಓದಲು ಬಂದವನಿಗೆ ಅಂಗನವಾಡಿ ಏಕೆ ಎಂದು ಗೊಣಗಿದ್ದೆ. ಪಡಿತರ ಚೀಟಿ ಇಲ್ಲದ, ಬಾಡಿಗೆ ಕರಾರೇ ಇಲ್ಲದ ಮನೆಗಳ ನಡುವೆ ಓಡಾಡಿದ ಮೇಲೆ ಈ ವರ್ಷ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ‘ಮಾತ್ರೆ ಏಕೆ ನಿಲ್ಲಿಸಿದಿರಿ’ ಎಂಬ ಪ್ರಶ್ನೆ ನನ್ನ ಬಾಯಿಂದ ಅಷ್ಟು ಸುಲಭವಾಗಿ ಹೊರಡುವುದಿಲ್ಲ. ಮಾತ್ರೆ ಉಚಿತವೇ, ಆದರೆ ಅದನ್ನು ತರಲು ಬಿಡುವ ದಿನಗೂಲಿ ಉಚಿತವಲ್ಲ.

ಬರವಣಿಗೆಯ ಬಗ್ಗೆ ಹಾಸನದವರು ಹೇಳಿದ್ದು ನಿಜ. ಒಂದು ಸಂದರ್ಶನವನ್ನು ಅವರು ಹೀಗೆಂದರು, ನಾನು ಹೀಗೆಂದೆ, ಆಗ ನನ್ನ ಮನಸ್ಸಿನಲ್ಲಿ ಇದಿತ್ತು ಎಂದು ಪೂರ್ತಿ ಬರೆಯಬೇಕು. ನಾನು ಮೊದಲು ಕನ್ನಡದಲ್ಲಿ ಬರೆದು ಆಮೇಲೆ ಇಂಗ್ಲಿಷಿಗೆ ಇಳಿಸುತ್ತೇನೆ. ರಾತ್ರಿ ಹನ್ನೊಂದಾಗುತ್ತದೆ. ಹಾಸ್ಟೆಲ್ ಗೆಳೆಯರು ನಗುತ್ತಾರೆ, ಮೇಡಂ ನಗುವುದಿಲ್ಲ.

ಸಹಪಾಠಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವರ ಕಣ್ಣು ಎಚ್‌ಆರ್ ಕೆಲಸದ ಮೇಲೆ. ನೀವು ಕಾರ್ಖಾನೆಯಿಂದ ಬರುವವರು, ನಿಮ್ಮನ್ನೂ ಆ ಕಡೆಗೆ ಎಳೆಯುತ್ತಾರೆ, ಎಚ್ಚರವಿರಲಿ. ಪ್ರವೇಶವಾದ ಕೂಡಲೇ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಕೊನೆಯ ದಿನದವರೆಗೆ ಕಾಯಬೇಡಿ, ಆಗ ಸರ್ವರ್ ಎದ್ದೇಳುವುದಿಲ್ಲ.

ಉತ್ತರ: ಒಬ್ಬ ತಂದೆ, ರಾಜಾಜಿನಗರ

ನಾನು ಓದಿದವನಲ್ಲ, ಓದಿಸಿದವನೂ ಅಲ್ಲ. ಬಿಎಂಟಿಸಿಯಲ್ಲಿದ್ದು ನಿವೃತ್ತನಾದವನು. ಮಗನಿಗೆ ಸ್ಕಿಜೋಫ್ರೀನಿಯಾ. ಈ ವಿಷಯದಲ್ಲಿ ಕುರ್ಚಿಯ ಇನ್ನೊಂದು ಬದಿಯಲ್ಲಿ ಕುಳಿತವನಾಗಿ ಎರಡು ಮಾತು.

ವೈದ್ಯರು ಮಾತ್ರೆ ಬರೆದರು, ಅದರಿಂದ ಕಿವಿಯಲ್ಲಿ ಕೇಳಿಸುತ್ತಿದ್ದ ದನಿಗಳು ಕಡಿಮೆಯಾದವು, ಆ ಋಣ ದೊಡ್ಡದು. ಆದರೆ ಇವನು ಮಧ್ಯಾಹ್ನದವರೆಗೆ ಹಾಸಿಗೆ ಬಿಡದಿದ್ದರೆ ಅದು ಸೋಮಾರಿತನವಲ್ಲ, ಕಾಯಿಲೆಯದೇ ಒಂದು ಮುಖ ಎಂದು ನನ್ನನ್ನು ಮತ್ತು ನನ್ನ ಹೆಂಡತಿಯನ್ನು ಕೂರಿಸಿಕೊಂಡು ಹೇಳಿದವರು ಒಬ್ಬ ಸಮಾಜಕಾರ್ಯಕರ್ತೆ. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಪ್ರತಿ ಬೆಳಿಗ್ಗೆ ಜಗಳ. ಮುದ್ರಣಾಲಯದ ಯಜಮಾನರೊಬ್ಬರ ಹತ್ತಿರ ಮಾತನಾಡಿ ಅರ್ಧ ದಿನದ ಕೆಲಸ ಕೊಡಿಸಿದವರೂ ಅವರೇ. ಅವನು ಈಗಲೂ ಹೋಗುತ್ತಾನೆ, ಹೋಗದ ದಿನಗಳೂ ಇವೆ.

ಇನ್ನೊಂದು ದೂರು. ಕಲಿಯುವ ಮಕ್ಕಳು ಬದಲಾಗುತ್ತಲೇ ಇರುತ್ತಾರೆ. ಪ್ರತಿ ಸಲ ಹೊಸ ಮುಖ, ಹಳೆಯ ಪ್ರಶ್ನೆ. ಕಾಯಿಲೆ ಯಾವಾಗ ಶುರುವಾಯಿತು, ಮದುವೆ ಸೋದರಸಂಬಂಧದಲ್ಲೇ ಆಗಿತ್ತೇ, ಮನೆತನದಲ್ಲಿ ಬೇರೆ ಯಾರಿಗಾದರೂ ಇತ್ತೇ. ಈ ಕೊನೆಯ ಪ್ರಶ್ನೆ ಬಂದಾಗಲೆಲ್ಲ ನನ್ನ ಹೆಂಡತಿ ತಲೆ ತಗ್ಗಿಸುತ್ತಾಳೆ, ಅವಳ ಅಣ್ಣನಿಗೆ ಇತ್ತು. ಕಡತದಲ್ಲಿ ಎಲ್ಲ ಬರೆದಿದೆಯಮ್ಮ. ನೀನು ಓದಿ ದೊಡ್ಡವಳಾಗು, ಆದರೆ ಬಾಯಿ ತೆರೆಯುವ ಮೊದಲು ಕಡತ ತೆರೆದು ನೋಡು.

ವಿಜಯನಗರದ ಓದುಗಿ

ಎಲ್ಲರಿಗೂ ಧನ್ಯವಾದ. ರಾಜಾಜಿನಗರದ ಯಜಮಾನರ ಮಾತನ್ನು ಅಪ್ಪನಿಗೆ ಓದಿ ಹೇಳಿದೆ. ‘ಬಿಎಂಟಿಸಿಯವರಾ?’ ಎಂದು ಕೇಳಿದರು, ಸುಮ್ಮನಾದರು. ಅವರೂ ಕೆಎಸ್‌ಆರ್‌ಟಿಸಿಯವರೇ.

ಹಾಸನದವರಿಗೆ ಎರಡು ಪ್ರಶ್ನೆ. ಎಂಎಸ್‌ಡಬ್ಲ್ಯೂ ಆದ ಮೇಲೆ ಎಂಫಿಲ್ ಬೇಕೇ ಬೇಕೇ? ಎಂಫಿಲ್ಲನ್ನೇ ತೆಗೆದುಹಾಕಿದ್ದಾರೆ ಎಂದು ಪತ್ರಿಕೆಯಲ್ಲಿ ಓದಿದ್ದೆ. ಮತ್ತೆ, ಈಗಿನ ಕೆಲಸ ಇಟ್ಟುಕೊಂಡು ಓದಲು ಸಾಧ್ಯವೇ?

ಹಾಸನದವಳು

ಎಂಫಿಲ್ ಗೊಂದಲ ನಿಮ್ಮದಲ್ಲ, ಸರ್ಕಾರದ್ದೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮನೋವೈದ್ಯಕೀಯ ಸಮಾಜಕಾರ್ಯಕರ್ತ ಎಂದರೆ ಯಾರು ಎಂದು ಹೇಳುವಾಗ ಸಮಾಜಕಾರ್ಯದ ಸ್ನಾತಕೋತ್ತರ ಪದವಿಯ ಜೊತೆಗೆ ಎರಡು ವರ್ಷದ ಪೂರ್ಣಾವಧಿ ಎಂಫಿಲ್ ಬೇಕು, ಅದರಲ್ಲಿ ಮೇಲ್ವಿಚಾರಣೆಯ ಚಿಕಿತ್ಸಾ ತರಬೇತಿ ಇರಬೇಕು ಎನ್ನುತ್ತದೆ. ಹಾಗೆ ಓದಿದವರನ್ನು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರ ನೋಂದಾಯಿಸಿಕೊಳ್ಳಬೇಕು ಎಂದೂ ಅದೇ ಕಾಯ್ದೆಯಲ್ಲಿದೆ. ಐದು ವರ್ಷ ಕಳೆಯುವಷ್ಟರಲ್ಲಿ, 2022ರಲ್ಲಿ, ಯುಜಿಸಿ ಎಂಫಿಲ್ ಪದವಿಯನ್ನೇ ಕೈಬಿಟ್ಟಿತು. ಒಂದು ಕೈ ಬೇಕು ಎಂದು ಬರೆದದ್ದನ್ನು ಇನ್ನೊಂದು ಕೈ ಅಳಿಸಿತು. ಗಲಾಟೆಯಾದ ಮೇಲೆ ಕ್ಲಿನಿಕಲ್ ಸೈಕಾಲಜಿ ಮತ್ತು ಮನೋವೈದ್ಯಕೀಯ ಸಮಾಜಕಾರ್ಯ ಈ ಎರಡಕ್ಕೆ ಮಾತ್ರ 2025-26ರ ಶೈಕ್ಷಣಿಕ ವರ್ಷದವರೆಗೆ ವಿನಾಯಿತಿ ಕೊಟ್ಟರು. ನೀವು ಎಂಎಸ್‌ಡಬ್ಲ್ಯೂ ಮುಗಿಸುವ ಹೊತ್ತಿಗೆ ಆ ಎರಡು ವರ್ಷದ ತರಬೇತಿಯನ್ನು ಯಾವ ಹೆಸರಿನಲ್ಲಿ ಕೊಡುತ್ತಾರೆ ಎಂಬುದನ್ನು ನಿಮ್ಹಾನ್ಸ್ ಮತ್ತು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನ ಪ್ರವೇಶ ಪ್ರಕಟಣೆಯಲ್ಲೇ ನೋಡಿಕೊಳ್ಳಬೇಕು. ಏಜೆಂಟರ ಮಾತು, ವಾಟ್ಸ್‌ಆ್ಯಪ್ ಗುಂಪಿನ ಮಾತು ನಂಬಬೇಡಿ.

ಬೇಕೇ ಬೇಕೇ ಎಂದರೆ, ಆಸ್ಪತ್ರೆಯ ಹುದ್ದೆಗೆ ಬೇಕು. ಸ್ವಯಂಸೇವಾ ಸಂಸ್ಥೆ, ಅರ್ಧದಾರಿ ಮನೆ (ಚೇತರಿಸಿಕೊಳ್ಳುತ್ತಿರುವವರು ಮನೆಗೆ ಮರಳುವ ಮೊದಲು ಇರುವ ತಾಣ), ಶಾಲೆ, ಮಹಿಳಾ ಸಾಂತ್ವನ ಕೇಂದ್ರಗಳಲ್ಲಿ ಎಂಎಸ್‌ಡಬ್ಲ್ಯೂ ಆದವರಿಗೇ ಕೆಲಸವಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲೂ ನಮ್ಮವರಿಗೆ ಒಂದು ಜಾಗವಿದೆ. ಆ ಕಾರ್ಯಕ್ರಮ 1996ರಲ್ಲಿ ದೇಶಕ್ಕೆಲ್ಲ ಹೊರಟಾಗ ಮಾದರಿಯಾಗಿ ಇಟ್ಟುಕೊಂಡದ್ದು ನಮ್ಮ ಬಳ್ಳಾರಿಯ ಪ್ರಯೋಗವನ್ನೇ. ಅದಕ್ಕೂ ಮೊದಲು ಬನ್ನೇರುಘಟ್ಟ ಕಡೆಯ ಸಕಲವಾರದಲ್ಲಿ ನಿಮ್ಹಾನ್ಸ್‌ನವರು ಹಳ್ಳಿಯ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಈ ಕೆಲಸ ಕಲಿಸಲು ಆರಂಭಿಸಿದ್ದರು. ಇಷ್ಟು ಹಿರಿಮೆಯಿದ್ದೂ ಆ ಹುದ್ದೆಗಳು ಬಹುಪಾಲು ಗುತ್ತಿಗೆಯವು. ನವೀಕರಣದ ಆದೇಶ ಬರುವವರೆಗೆ ಜೀವ ಕೈಯಲ್ಲಿ ಹಿಡಿದಿರುತ್ತಾರೆ. ಇದನ್ನು ಮುಚ್ಚಿಟ್ಟು ನಿಮ್ಮನ್ನು ಕರೆಯಲಾರೆ. ಮೊದಲ ಕೆಲವು ವರ್ಷ ನಿಮ್ಮ ಈಗಿನ ಸಂಬಳಕ್ಕಿಂತ ಬಹಳ ಮೇಲೇನೂ ಹೋಗುವುದಿಲ್ಲ.

ಕೆಲಸ ಇಟ್ಟುಕೊಂಡು ಓದುವುದು ಆಗದು. ಕ್ಷೇತ್ರಕಾರ್ಯ ಹಗಲಿನಲ್ಲೇ, ಕಾರ್ಖಾನೆಯ ಪಾಳಿಯೂ ಹಗಲಿನಲ್ಲೇ. ಸಂಜೆ ತರಗತಿ ಎಂದು ಯಾರಾದರೂ ಆಸೆ ತೋರಿಸಿದರೆ ಕ್ಷೇತ್ರಕಾರ್ಯ ಯಾವಾಗ ಎಂದು ಕೇಳಿ, ಅಲ್ಲಿಗೆ ಮಾತು ಮುಗಿಯುತ್ತದೆ. ಪ್ರವೇಶ ಖಚಿತವಾಗುವವರೆಗೆ ಮಾತ್ರ ರಾಜೀನಾಮೆ ಕೊಡಬೇಡಿ.

ಆ ಬೀಳುವ ಹುಡುಗಿಯ ವಿಷಯಕ್ಕೆ ಎರಡು ವರ್ಷ ಕಾಯುವುದು ಬೇಡ. ಬಿದ್ದಾಗ ಸುತ್ತ ನೆರೆದವರನ್ನು ಮೊದಲು ಸರಿಸಿ. ನಾಟಕ ಎಂದು ಯಾರಿಗೂ ಹೇಳಗೊಡಬೇಡಿ, ಈರುಳ್ಳಿ ಮೂಸಿಸುವುದು, ಕೈಗೆ ಕಬ್ಬಿಣ ಕೊಡುವುದು ಬೇಡ. ಪೂರ್ತಿ ಎಚ್ಚರವಾಗುವವರೆಗೆ ನೀರನ್ನೂ ಕುಡಿಸಬೇಡಿ. ಒಂದು ಸಲವಾದರೂ ನರರೋಗ ತಜ್ಞರು ನೋಡಿ ಮೂರ್ಛೆರೋಗ ಹೌದೋ ಅಲ್ಲವೋ ತೀರ್ಮಾನಿಸಲಿ, ವರದಿ ಸರಿಯಾಗಿದೆ ಎಂದ ಮಾತ್ರಕ್ಕೆ ಬಿಡಬೇಡಿ. ಬೀಳುವುದನ್ನು ಮೊಬೈಲ್‌ನಲ್ಲಿ ಚಿತ್ರಿಸಲು ಅವಳು ಮೊದಲೇ ಒಪ್ಪಿದರೆ ಆ ವಿಡಿಯೊ ತಜ್ಞರಿಗೆ ಬಹಳ ಸಹಾಯ. ಒಪ್ಪದಿದ್ದರೆ ಬೇಡ. ನಿದ್ದೆ ಬಾರದವಳಿಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ಬರೆದುಕೊಡಿ. 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ, ಉಚಿತ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತನಾಡುತ್ತಾರೆ. ಗಂಡನ ಭಯ ಇರುವವಳಿಗೆ ಮಹಿಳಾ ಸಹಾಯವಾಣಿ 181. ಇವನ್ನು ನೋಟಿಸ್ ಬೋರ್ಡಿಗೆ ಅಂಟಿಸಿದರೆ ಮೇಲಧಿಕಾರಿಗಳ ಕಣ್ಣೆದುರು ಯಾರೂ ಬರೆದುಕೊಳ್ಳುವುದಿಲ್ಲ, ಶೌಚಾಲಯದ ಬಾಗಿಲಿನ ಒಳಬದಿಗೆ ಅಂಟಿಸಿ.

ಪದವಿ ತುಮಕೂರು ವಿಶ್ವವಿದ್ಯಾಲಯದ್ದಾದರೆ ಇಲ್ಲಿ ಸೇರಲು ವಲಸೆ ಪ್ರಮಾಣಪತ್ರ ಕೇಳುತ್ತಾರೆ. ಅಧಿಸೂಚನೆ ಬಂದ ಮೇಲೆ ಓಡಬೇಡಿ, ಮುಂದಿನ ಸಲ ಊರಿಗೆ ಹೋದಾಗಲೇ ಅರ್ಜಿ ಕೊಟ್ಟು ಬನ್ನಿ.